ಮುಚ್ಚಿದೆನೆಂದುಕೊಂಡ ಫೈಲು

ಎಫ್‌ಓಪನ್‌ಗೆ ಕೊಟ್ಟ ಮರ್ಯಾದೆಯನ್ನು ನಾನು ಎಫ್‌ಕ್ಲೋಸ್‌ಗೆ ಕೊಟ್ಟವನಲ್ಲ. ಫೈಲ್ ತೆರೆಯುವಾಗ ನಲ್ ಬಂತೇ ಎಂದು ತಪ್ಪದೆ ನೋಡುತ್ತಿದ್ದೆ. ಮುಚ್ಚುವಾಗ ಒಂದು ಸೆಮಿಕೋಲನ್ ಹಾಕಿ ಎದ್ದುಬಿಡುತ್ತಿದ್ದೆ. ಎಫ್‌ಕ್ಲೋಸ್ ಕೂಡ ಉತ್ತರ ಕೊಡುತ್ತದೆ, ಕೆಲಸ ಆದರೆ ಸೊನ್ನೆ, ಆಗದಿದ್ದರೆ ಇಒಎಫ್ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕ ತಗೊಂಡಿದ್ದೆ.

ಆ ಚಾಳಿ ಅಂಟಿದ್ದು ಕರ್ನಿಘನ್ ಮತ್ತು ರಿಚ್ಚಿಯವರ ಸಿ ಭಾಷೆಯ ಪುಸ್ತಕದಿಂದ ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. 1988ರ ಎರಡನೇ ಆವೃತ್ತಿಯಲ್ಲಿ ಕ್ಯಾಟ್ ಎಂಬ ಸಣ್ಣ ಪ್ರೋಗ್ರಾಮ್ ಇದೆ. ಅದರಲ್ಲಿ ಎಫ್‌ಕ್ಲೋಸ್‌ನ ಉತ್ತರವನ್ನು ಯಾರೂ ಕೇಳುವುದಿಲ್ಲ. ಆದರೆ ಅಲ್ಲಿ ಮುಚ್ಚುವುದು ಓದಲೆಂದು ತೆರೆದ ಫೈಲನ್ನು, ಅದರಿಂದ ಕಳೆದುಹೋಗುವಂಥದ್ದು ಏನೂ ಇಲ್ಲ. ಬರೆಯುವ ಕಡೆ, ಅಂದರೆ ಸ್ಟ್ಯಾಂಡರ್ಡ್ ಔಟ್‌ಪುಟ್‌ನಲ್ಲಿ ಎಡವಟ್ಟಾಯಿತೇ ಎಂದು ಎಫ್‌ಎರರ್‌ನಿಂದ ನೋಡಿಯೇ ಅವರು ಹೊರಗೆ ಹೋಗುತ್ತಾರೆ. ನಾನು ಆ ಪುಟದಿಂದ ಎತ್ತಿಕೊಂಡದ್ದು ನನಗೆ ಸಲೀಸಾದ ಅರ್ಧವನ್ನು ಮಾತ್ರ.

ಆಗ ಹಾಲಿನ ಸಂಘಗಳ ಲೆಕ್ಕ ಮಾಡಿಕೊಡುವ ಸಣ್ಣ ಕಚೇರಿಯೊಂದಕ್ಕೆ ಕೆಲಸ ಮಾಡುತ್ತಿದ್ದೆ. ರಾತ್ರಿ ನನ್ನ ಪ್ರೋಗ್ರಾಮ್ ಓಡಬೇಕು. ಊರೂರಿನಿಂದ ಬಂದ ಲೀಟರು, ಫ್ಯಾಟು, ಎಸ್‌ಎನ್‌ಎಫ್‌ಗಳನ್ನು ಓದಿ, ಸಂಘಕ್ಕೊಂದರಂತೆ ಬಟವಾಡೆ ಫೈಲ್ ಮಾಡಬೇಕು. ಎಲ್ಲ ಮುಗಿದ ಮೇಲೆ ಮೂಲ ಫೈಲುಗಳನ್ನು ಒಟ್ಟಿಗೆ ಅಳಿಸಬೇಕು. ಅಳಿಸುವ ಸಾಲು ನನ್ನದೇ ಸೇರ್ಪಡೆ. ಯಾರೂ ಕೇಳಿರಲಿಲ್ಲ, ಚೊಕ್ಕಟವಾಗಿರಲಿ ಎಂದು ಹಾಕಿದ್ದೆ.

ಒಂದು ಬೆಳಿಗ್ಗೆ ನೋಡಿದರೆ ಬಟವಾಡೆ ಫೈಲುಗಳೆಲ್ಲ ಇವೆ, ಹೆಸರೂ ಸರಿ, ದಿನಾಂಕವೂ ಸರಿ, ಒಳಗೆ ಮಾತ್ರ ಏನೂ ಇಲ್ಲ. ಒಂದೊಂದರ ಗಾತ್ರವೂ ಸೊನ್ನೆ ಬೈಟು. ಲಾಗ್‌ನ ಕೊನೆಯಲ್ಲಿ ನಾನೇ ಬರೆಸಿದ ಸಂದೇಶ: ಎಲ್ಲ ಯಶಸ್ವಿ.

ನಾನು ಸೀದಾ ಸರ್ವರ್ ನೋಡಿಕೊಳ್ಳುವ ಹುಡುಗನ ಮೇಲೆ ಹರಿಹಾಯ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. “ನಿನ್ ಡಿಸ್ಕ್ ತುಂಬಿರ್ಬೇಕು ನೋಡು” ಅಂದೆ. ಅವನು ನೋಡಿದ. “ಇಲ್ವಲ್ಲ ಸಾರ್, ಜಾಗ ಇದೆ” ಅಂದ. ಇತ್ತು, ನಿಜ. ರಾತ್ರಿ ತುಂಬಿದ್ದ ಡಿಸ್ಕಿನಲ್ಲಿ ಅಷ್ಟು ಜಾಗ ಮಾಡಿಕೊಟ್ಟದ್ದು ಮೂಲ ಫೈಲುಗಳನ್ನು ಅಳಿಸಿದ ನನ್ನ ಆ ಚೊಕ್ಕಟತನ. ಇದು ತಿಳಿಯದೆ, ಪಕ್ಕದಲ್ಲಿದ್ದ ಹಿರಿಯರಿಗೆ, “ಮೇಡಂ, ಒಂದೊಂದು ಎಫ್‌ಪ್ರಿಂಟ್‌ಎಫ್ ಕೂಡ ಚೆಕ್ ಮಾಡಿದೀನಿ” ಎಂದು ಎದೆ ತಟ್ಟಿ ಹೇಳಿದೆ. ಅವರು ವಾದಕ್ಕೆ ಬರಲಿಲ್ಲ. ಲಿನಕ್ಸ್‌ನಲ್ಲಿ ಡೆವ್ ಫುಲ್ ಎಂಬ ಹುಸಿ ಫೈಲ್ ಇದೆ. ಯಾವಾಗ ಬರೆಯಹೋದರೂ ಜಾಗವಿಲ್ಲ ಅನ್ನುವುದೇ ಅದರ ಕೆಲಸ. ನನ್ನ ಪ್ರೋಗ್ರಾಮಿನ ಫಲಿತಾಂಶವನ್ನು ಅದಕ್ಕೆ ತಿರುಗಿಸಿ ಓಡಿಸಿದರು. ಪರದೆಯ ಮೇಲೆ ‘ಎಲ್ಲ ಯಶಸ್ವಿ’ ಎಂದು ಬಂತು. ಅವರು ನಗಲಿಲ್ಲ. ನಕ್ಕಿದ್ದರೆ ವಾಸಿ ಇತ್ತು.

ಒಳಗೆ ನಡೆಯುವುದು ಇಷ್ಟೇ. ಎಫ್‌ಪ್ರಿಂಟ್‌ಎಫ್ ಬರೆಯುವುದು ಡಿಸ್ಕಿಗಲ್ಲ, ನೆನಪಿನಲ್ಲಿರುವ ಬಫರಿಗೆ. ಅಂಗಡಿಯವನು ದಿನವಿಡೀ ಸಾಲವನ್ನು ಚೀಟಿಯಲ್ಲಿ ಗೀಚಿಟ್ಟು, ರಾತ್ರಿ ಬಾಗಿಲೆಳೆಯುವ ಮುಂಚೆ ಖಾತೆ ಪುಸ್ತಕಕ್ಕೆ ಇಳಿಸಿದ ಹಾಗೆ. ಪುಸ್ತಕದಲ್ಲಿ ಹಾಳೆ ಮುಗಿದದ್ದು ಗೊತ್ತಾಗುವುದು ರಾತ್ರಿಯೇ. ಆ ಬಫರ್ ನಮ್ಮ ಯಂತ್ರದಲ್ಲಿ 4096 ಬೈಟಿನದು, ಒಂದು ಸಂಘದ ಲೆಕ್ಕ ಅದಕ್ಕಿಂತ ಚಿಕ್ಕದು. ಹಾಗಾಗಿ ಎಫ್‌ಪ್ರಿಂಟ್‌ಎಫ್‌ಗಳೆಲ್ಲ ಗೆದ್ದವು. ಡಿಸ್ಕಿನಲ್ಲಿ ಮೊದಲ ಬಾರಿ ಜಾಗ ಕೇಳಿದ್ದು ಎಫ್‌ಕ್ಲೋಸ್. ಜಾಗವಿಲ್ಲ ಎಂದು ಅದು ಹೇಳಿಯೂ ಹೇಳಿತು, ನಾನು ಕೇಳಿಸಿಕೊಳ್ಳದೆ ಅಳಿಸುವ ಸಾಲಿಗೆ ದಾಟಿದ್ದೆ. ಗ್ನೂ ಕೋರ್‌ಯುಟಿಲ್ಸ್‌ನ ಎಕೋದಂಥ ಸಣ್ಣ ಉಪಕರಣ ಕೂಡ ಹೊರಡುವ ಮುಂಚೆ ಔಟ್‌ಪುಟ್ ಮುಚ್ಚಿ, ಮುಚ್ಚಿತೇ ಎಂದು ನೋಡಿಕೊಂಡೇ ಹೋಗುತ್ತದೆ.

ಸಂಘಗಳಲ್ಲಿ ಕಾಗದದ ರಿಜಿಸ್ಟರ್ ಇತ್ತು, ಬದುಕಿದೆ. ಕಾರ್ಯದರ್ಶಿಗಳು ಫೋನಿನಲ್ಲಿ ಓದುತ್ತಾ ಹೋದರು, ನಾನು ಟೈಪು ಮಾಡುತ್ತಾ ಹೋದೆ. “ಏಳೂವರೆ ಲೀಟ್ರು, ಫ್ಯಾಟು ನಾಲ್ಕು ಪಾಯಿಂಟ್ ಒಂದು... ಬರ್ಕೊಂಡ್ರಾ ಸಾರ್?” ಒಬ್ಬರು, “ಕಂಪ್ಯೂಟ್ರು ಬಂದ್ಮೇಲೆ ಕೈಬರಹ ಬೇಡ ಅಂತ ನೀವೇ ಅಂದಿದ್ರಿ ಅಲ್ವಾ” ಎಂದು ಸಹಜವಾಗಿ ಕೇಳಿದರು. ಹ್ಞೂಂ ಅಂದು ಮುಂದಿನ ಹೆಸರು ಕೇಳಿದೆ.

ರಿಪೇರಿಯ ಉತ್ಸಾಹದಲ್ಲಿ ಇನ್ನೊಂದು ಮೂರ್ಖತನ ಆಯಿತು. ಎಫ್‌ಕ್ಲೋಸ್ ಸೋತರೆ ಗೆಲ್ಲುವವರೆಗೂ ಕರೆಯುತ್ತಿರು ಎಂದು ವೈಲ್ ಲೂಪ್ ಬರೆದೆ. ಛಲ ಬಿಡದ ತ್ರಿವಿಕ್ರಮ! ಪ್ರೋಗ್ರಾಮ್ ಕುಸಿದು ಬಿತ್ತು. ಎಫ್‌ಕ್ಲೋಸ್ ಗೆಲ್ಲಲಿ ಸೋಲಲಿ, ಆ ಸ್ಟ್ರೀಮ್‌ನ ಋಣ ಅಲ್ಲಿಗೆ ತೀರಿತು. ಅದೇ ಪಾಯಿಂಟರನ್ನು ಮತ್ತೆ ಕೊಟ್ಟರೆ ಏನಾಗುತ್ತದೆಂದು ಭಾಷೆಯ ಸ್ಟ್ಯಾಂಡರ್ಡ್ ಯಾವ ಭರವಸೆಯನ್ನೂ ಕೊಡುವುದಿಲ್ಲ. ಫ್ರೀಗೆ ನಲ್ ಕೊಟ್ಟರೆ ಅದು ಸುಮ್ಮನಿರುತ್ತದಲ್ಲ, ಎಫ್‌ಕ್ಲೋಸ್ ಕೂಡ ಹಾಗೇ ಇರಬಹುದೆಂದು ನಂಬಿದ್ದೆ, ಅದೂ ಸುಳ್ಳಾಯಿತು. ಈಗ ಮುಚ್ಚಿದ ಕೂಡಲೇ ಪಾಯಿಂಟರಿಗೆ ನಲ್ ಹಾಕುತ್ತೇನೆ, ಮುಚ್ಚುವ ಮುಂಚೆ ಅದು ನಲ್ ಅಲ್ಲವೇ ಎಂದು ನೋಡುತ್ತೇನೆ.

ಈಗಿನ ಕ್ರಮವೆಂದರೆ, ಬಟವಾಡೆ ಫೈಲನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆಯುವುದು, ಎಫ್‌ಫ್ಲಶ್, ಎಫ್‌ಸಿಂಕ್, ಎಫ್‌ಕ್ಲೋಸ್ ಮೂರೂ ಗೆದ್ದವೇ ಎಂದು ನೋಡಿ ನಿಜವಾದ ಹೆಸರು ಕೊಡುವುದು. ಎಫ್‌ಸಿಂಕ್ ಯಾಕೆಂದರೆ ಎಫ್‌ಕ್ಲೋಸ್ ಗೆದ್ದರೂ ಡೇಟಾ ಇನ್ನೂ ಕರ್ನಲ್‌ನ ನೆನಪಿನಲ್ಲೇ ಉಳಿದಿರಬಹುದು, ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಇದರಿಂದ ರಾತ್ರಿಯ ಕೆಲಸ ಮುಂಚಿಗಿಂತ ನಿಧಾನ. ಸರ್ವರ್ ಹುಡುಗ ಆಗಾಗ ಗೊಣಗುತ್ತಾನೆ: “ಎಫ್‌ಸಿಂಕ್ ತೆಗೀರಿ ಸಾರ್, ಬೇಗ ಆಗುತ್ತೆ.” ಅವನ ಮೇಲೆ ಹರಿಹಾಯ್ದದ್ದಕ್ಕೆ ಕ್ಷಮೆ ಕೇಳಿ ಆಗಿದೆ, ಹಾಗಾಗಿ ಗಟ್ಟಿಯಾಗಿ ಏನೂ ಅನ್ನುವಂತಿಲ್ಲ. ತೆಗೆದೂ ಇಲ್ಲ. ಮೂಲ ಫೈಲುಗಳನ್ನು ಅಳಿಸುವ ಕೆಲಸವನ್ನಂತೂ ಪೂರ್ತಿ ಅವನಿಗೇ ಬಿಟ್ಟುಕೊಟ್ಟಿದ್ದೇನೆ.