ಗೋದಲಿಯ ಹುಲ್ಲು

ಗೋದಲಿ ಎಂದರೆ ದನಕ್ಕೆ ಮೇವು ಹಾಕುವ ತೊಟ್ಟಿ. ಹೊಸಪೇಟೆ, ಕಂಪ್ಲಿ ಸೀಮೆಯ ರೈತರ ಬಾಯಲ್ಲಿ ಅದು ಗ್ವಾದಲಿ. ಕನ್ನಡ ಬೈಬಲಿನಲ್ಲಿ, ಲೂಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ, ಕೂಸು ಯೇಸುವನ್ನು ಮಲಗಿಸಿದ ಜಾಗಕ್ಕೂ ಇದೇ ಹೆಸರು. ಕ್ರಿಸ್‌ಮಸ್ ಹೊತ್ತಿಗೆ ಕ್ರೈಸ್ತರ ಮನೆಗಳಲ್ಲಿ ಕಟ್ಟುವ ಬೊಂಬೆಗಳ ಇಡೀ ದೃಶ್ಯವನ್ನೂ ಗೋದಲಿ ಎಂದೇ ಕರೆಯುತ್ತಾರೆ. ಯೇಸು ಹುಟ್ಟಿದ ಊರಾದ ಬೆತ್ಲೆಹೇಮ್ ಎಂಬ ಹೀಬ್ರೂ ಹೆಸರಿಗೆ ರೊಟ್ಟಿಯ ಮನೆ ಎಂದರ್ಥ. ರೊಟ್ಟಿಯ ಮನೆಯಲ್ಲಿ, ಮೇವಿನ ತೊಟ್ಟಿಯಲ್ಲಿ ಮಲಗಿದ ಕೂಸು: ಉಂಡ ಅನ್ನವನ್ನು ನೆನೆಯುವ ಹಬ್ಬಕ್ಕೆ ಇದಕ್ಕಿಂತ ಸರಿಯಾದ ಚಿತ್ರ ಬೇಕಿಲ್ಲ.

ಗೋದಲಿ ಕಟ್ಟುವ ಪದ್ಧತಿಗೆ 800 ವರ್ಷ ದಾಟಿದೆ. ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸ್ 1223ರಲ್ಲಿ ಹುಲ್ಲು ತುಂಬಿದ ಗೋದಲಿಯಿಟ್ಟು, ಪಕ್ಕದಲ್ಲಿ ನಿಜವಾದ ಎತ್ತು, ಕತ್ತೆಗಳನ್ನು ನಿಲ್ಲಿಸಿ ನಡುರಾತ್ರಿಯ ಪೂಜೆ ಏರ್ಪಡಿಸಿದ. 1949ರಲ್ಲಿ ರೂಪುಗೊಂಡ ಬಳ್ಳಾರಿ ಧರ್ಮಪ್ರಾಂತದ ಮೊದಲ ಧರ್ಮಾಧ್ಯಕ್ಷರು ಅದೇ ಫ್ರಾನ್ಸಿಸ್ಕನ್ ಸಭೆಯವರು. ಅದಕ್ಕೂ ಬಹಳ ಹಿಂದೆ, 1810ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಿದ್ದರು. ಅಲ್ಲಿ ಅವರೂ ಜೊತೆಯವರೂ ಮಾಡಿದ ಅನುವಾದದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಗೋದಲಿಯ ಕತೆ ಈ ಸೀಮೆಯ ಮಕ್ಕಳಿಗೆ ತಾಯ್ನುಡಿಯಲ್ಲೇ ಸಿಕ್ಕಿದ್ದು ಹೀಗೆ.

ಕಟ್ಟುವ ಕೆಲಸ ಕ್ರಿಸ್‌ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ ಶುರುವಾಗಬೇಕು. ಆ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುತ್ತದೆ. ಅಲ್ಲಿಂದ ಹಬ್ಬಕ್ಕೆ 22ರಿಂದ 28 ದಿನ. ಮೊದಲ ವಾರ ನೆಲ ಮತ್ತು ಬೆಟ್ಟ. ಬೆಟ್ಟಕ್ಕೆ ಮಾದರಿ ಪಕ್ಕದ ಹಂಪಿ; ಅದು ಇಡೀ ಗುಂಡುಕಲ್ಲಿನ ಸೀಮೆ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು ಸೀಳಿ, ಸವೆದು, ಒಂದರ ಮೇಲೊಂದು ಕೂತಿದೆ. 1986ರಿಂದ ವಿಶ್ವ ಪರಂಪರೆಯ ತಾಣವಾಗಿರುವ ಅಲ್ಲಿಂದ ಒಂದು ಕಲ್ಲನ್ನೂ ತರಬಾರದು. ಹೊಲದ ಬದುವಿನ ಕಲ್ಲುಗಳನ್ನೇ ಹಂಪಿಯ ಬಂಡೆಗಳಂತೆ ಪೇರಿಸಿದರೆ ನಡುವೆ ಗವಿ ತಾನಾಗಿ ಮೂಡುತ್ತದೆ. ಯೇಸು ಹುಟ್ಟಿದ್ದು ಗವಿಯಲ್ಲಿ ಎಂಬುದು ಎರಡನೆಯ ಶತಮಾನದಷ್ಟು ಹಳೆಯ ನಂಬಿಕೆ; ಬೆತ್ಲೆಹೇಮಿನ ದೇವಾಲಯ ನಿಂತಿರುವುದೂ ಗವಿಯ ಮೇಲೆಯೇ. ಹಾದಿಗೆ ಸಂಡೂರಿನ ಕೆಮ್ಮಣ್ಣು ಹರಡಿದರೆ ಬೇರೆ ಬಣ್ಣ ಬೇಡ. ಬೆಟ್ಟದ ಹಿಂದೆ ಕನ್ನಡಿಚೂರುಗಳ ಲಂಬಾಣಿ ಕಸೂತಿಯ ಬಟ್ಟೆ ಕಟ್ಟಿದರೆ ಒಂದು ಮೇಣದಬತ್ತಿಗೆ ನೂರು ನಕ್ಷತ್ರ ಮಿನುಗುತ್ತವೆ. ಹೀಗಿರುವಾಗ ಗೋದಲಿಯ ಮೇಲೆ ಹತ್ತಿ ಹರಡಿ, ಥರ್ಮೋಕೋಲ್ ಉದುರಿಸಿ ಹಿಮ ಎನ್ನುವುದು ತಪ್ಪು. ಹೊಸಪೇಟೆಯ ಮಗು ಹಿಮ ಕಂಡಿಲ್ಲ. ಬೆತ್ಲೆಹೇಮಿನಲ್ಲೂ ಅದು ಅಪರೂಪ.

ಎರಡನೆಯ ವಾರ ಬೊಂಬೆಗಳು. ಜೇಡಿಮಣ್ಣಿನಲ್ಲಿ ಜೋಡೆತ್ತು, ಅವುಗಳ ಮುಂದೊಂದು ಗ್ವಾದಲಿ ಮಾಡುವುದು ಈ ಸೀಮೆಯ ಮಕ್ಕಳಿಗೆ ಮಣ್ಣೆತ್ತಿನ ಅಮಾವಾಸ್ಯೆಯಿಂದಲೇ ಗೊತ್ತು. ಲೂಕನ ಕತೆಯಲ್ಲಿ ರಾತ್ರಿ ಕುರಿ ಕಾಯುವ ಕುರುಬರಿಗೂ ಮಾದರಿ ಹತ್ತಿರದಲ್ಲೇ ಇದೆ. ಬಳ್ಳಾರಿ ಎಂಬುದು ಕುರಿಯ ತಳಿಯೊಂದರ ಹೆಸರೂ ಹೌದು. ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿ, ಕರಿಕಂಬಳಿ ಹೊದ್ದು ರಾತ್ರಿ ಕಾಯುವವರನ್ನು ತೋರಿಸಿದರೆ ಲೂಕನ ಕುರುಬರನ್ನು ಬೇರೆಯಾಗಿ ವಿವರಿಸಬೇಕಿಲ್ಲ. ಹಬ್ಬಕ್ಕೆ ಹತ್ತು ದಿನವಿರುವಾಗ ಬಟ್ಟಲಲ್ಲಿ ರಾಗಿ ಚೆಲ್ಲಿದರೆ ಹೊತ್ತಿಗೆ ಸರಿಯಾಗಿ ಹಸಿರು ಪೈರು ಸಿದ್ಧ.

ಇಡೀ ಕೆಲಸದ ಜೀವ ಹುಲ್ಲಿನಲ್ಲಿದೆ. ತುಂಗಭದ್ರೆಯ ನೀರು ಕುಡಿದ ಕಂಪ್ಲಿಯ ಗದ್ದೆಗಳಲ್ಲಿ ಭತ್ತದ ಕೊಯ್ಲು ಇದೇ ಹೊತ್ತಿಗೆ ನಡೆಯುವುದರಿಂದ ಹೊಸ ಹುಲ್ಲು ಸಿಗುತ್ತದೆ. ಒಂದು ಹಿಡಿ ತಂದು ಬೆರಳುದ್ದ ಕತ್ತರಿಸಿ ಗೋದಲಿಯ ಪಕ್ಕ ಇಡಬೇಕು. ದಿನವೂ ರಾತ್ರಿ ಪ್ರಾರ್ಥನೆಯಾದ ಮೇಲೆ ಮನೆಯವರೆಲ್ಲ ಒಬ್ಬೊಬ್ಬರಾಗಿ ಒಂದೊಂದು ಎಳೆಯನ್ನು ಗೋದಲಿಗೆ ಹಾಕಬೇಕು.

ಯಾತಕ್ಕಾಗಿ ಹಾಕಬೇಕು ಎಂಬಲ್ಲೇ ಜಗಳ. ಹಲವು ಮನೆಗಳಲ್ಲಿ ಮಗು ತಾನು ಮಾಡಿದ ಒಂದು ಒಳ್ಳೆಯ ಕೆಲಸಕ್ಕೆ ಒಂದು ಎಳೆ ಎಂಬ ಲೆಕ್ಕವಿದೆ. ಭಾನುವಾರದ ತರಗತಿಗಳಲ್ಲೂ ಹೀಗೇ ಕಲಿಸುತ್ತಾರೆ. ಉದ್ದೇಶ ಒಳ್ಳೆಯದೇ, ಫಲ ಕೆಟ್ಟದ್ದು. ಎರಡೇ ದಿನಕ್ಕೆ ಅಣ್ಣನದೆಷ್ಟು, ತಂಗಿಯದೆಷ್ಟು ಎಂಬ ಎಣಿಕೆ ಶುರುವಾಗುತ್ತದೆ. ಅಮ್ಮನ ಕೈಗೆ ನೀರಿನ ಲೋಟ ಕೊಟ್ಟ ಮಗು ಮರುಗಳಿಗೆಯಲ್ಲಿ ಹುಲ್ಲಿಗೆ ಕೈ ಚಾಚುತ್ತದೆ. ಅಪ್ಪ ಸಿಟ್ಟಿನಲ್ಲಿ ಎರಡೆಳೆ ವಾಪಸು ತೆಗೆಸುವುದೂ ಉಂಟು. ಕೂಸಿನ ಹಾಸಿಗೆ ಅಂಕಪಟ್ಟಿಯಾಗುತ್ತದೆ. ವರ್ಷವಿಡೀ ಶಾಲೆಯಲ್ಲಿ ಅಂಕ ಎಣಿಸಿ ದಣಿದ ಮಗುವಿನ ಮೇಲೆ ದೇವರ ಮುಂದೆಯೂ ಅದೇ ಭಾರ ಹೊರಿಸುವುದು ಅನ್ಯಾಯ. ಅದಕ್ಕೆ ಭಕ್ತಿಯ ಹೆಸರು ಕೊಡುವುದು ಇನ್ನೂ ದೊಡ್ಡ ಅನ್ಯಾಯ.

ಎಣಿಸಬೇಕಾದ್ದು ಮಾಡಿದ್ದನ್ನಲ್ಲ, ಪಡೆದದ್ದನ್ನು. ಇದಕ್ಕೆ ಆಧಾರ ಗೋದಲಿಯ ಎತ್ತು, ಕತ್ತೆಗಳಲ್ಲೇ ಇದೆ. ಲೂಕನ ಕತೆಯಲ್ಲಿ ಅವು ಬರುವುದಿಲ್ಲ; ಬಂದದ್ದು ಯೆಶಾಯನ ಪುಸ್ತಕದ ಮೊದಲ ಅಧ್ಯಾಯದಿಂದ. ಎತ್ತು ತನ್ನ ಒಡೆಯನನ್ನು, ಕತ್ತೆ ತನಗೆ ಮೇವಿಟ್ಟ ಗೋದಲಿಯನ್ನು ಗುರುತಿಸುತ್ತದೆ, ದೇವರ ಜನರಿಗೆ ಮಾತ್ರ ಆ ಗುರುತಿಲ್ಲ ಎಂಬುದು ಅಲ್ಲಿಯ ದೂರು. ಎತ್ತು ತಾನು ಎಷ್ಟು ಸಾಲು ಉತ್ತೆನೆಂದು ಲೆಕ್ಕವಿಡುವುದಿಲ್ಲ. ಯಾರ ಕೈ ಮೇವು ಹಾಕಿತೆಂದು ಮರೆಯುವುದೂ ಇಲ್ಲ.

ಆದ್ದರಿಂದ ಪ್ರತಿ ಎಳೆಗೂ ಒಂದು ಹೆಸರು, ಒಂದು ಉಪಕಾರ ಇರಬೇಕು. ಎಲ್ಲದಕ್ಕೂ ಎಲ್ಲರಿಗೂ ವಂದನೆ ಎಂದರೆ ಸಾಲದು. ಬೆಳಗಿನ ಚಳಿಯಲ್ಲಿ ಹಾಲು ತಂದವರು, ಬಸ್ಸಿನಲ್ಲಿ ಜಾಗ ಬಿಟ್ಟವರು, ಜ್ವರದಲ್ಲಿ ಗಂಜಿ ಕಾಸಿಕೊಟ್ಟ ಪಕ್ಕದ ಮನೆಯ ಅಜ್ಜಿ ಎಂದು ಬಿಡಿಸಿ ಹೇಳಬೇಕು. ಮೊದಲು ಅಪ್ಪ ಅಮ್ಮ ಹೇಳಬೇಕು, ಆ ಹೆಸರುಗಳಲ್ಲಿ ತಮ್ಮ ಮಕ್ಕಳ ಹೆಸರೂ ಬರಬೇಕು. ಮಗನಿಗೂ ಮಗಳಿಗೂ ತಂದೆತಾಯಿ ಋಣಿಗಳಾಗಿರಬಹುದು ಎಂಬುದನ್ನು ಮಕ್ಕಳು ಕೇಳಿ ತಿಳಿಯುವುದು ಆಗಲೇ. ನಾಲ್ವರ ಮನೆಯಲ್ಲಿ ಹಬ್ಬದ ಹೊತ್ತಿಗೆ ನೂರರ ಆಸುಪಾಸು ಎಳೆಗಳು ಸೇರಿ ಮೆತ್ತನೆಯ ಹಾಸಿಗೆಯಾಗುತ್ತದೆ.

ಹಾಸಿಗೆ ಸಿದ್ಧವಾಗುವ ಮುಂಚೆ ಕೂಸನ್ನು ಮಲಗಿಸಬಾರದು. ಡಿಸೆಂಬರ್ 24ರ ನಡುರಾತ್ರಿ, ಪೂಜೆ ಮುಗಿಸಿ ಮನೆಗೆ ಬಂದ ಮೇಲೆ, ಮನೆಯ ಅತಿ ಕಿರಿಯ ಮಗುವಿನ ಕೈಯಿಂದ ಬಾಲಯೇಸುವನ್ನು ಮಲಗಿಸಬೇಕು. ಕೂಸನ್ನು ಕಾಣಲು ಬರುವ ಮೂಡಣದ ಜ್ಞಾನಿಗಳ ಬೊಂಬೆಗಳು ಕಿಟಕಿಯ ಬದಿಯಿಂದ ದಿನಕ್ಕೊಂದು ಗೇಣು ಸರಿಯುತ್ತ ಜನವರಿ 6ಕ್ಕೆ ಗವಿ ಮುಟ್ಟಿದರೆ ಸಾಕು.

ಆಮೇಲೆ ಗೋದಲಿ ಬಿಚ್ಚುವ ಕೆಲಸ. ಬೊಂಬೆಗಳು ಪೆಟ್ಟಿಗೆಗೆ, ಕಲ್ಲುಗಳು ಬದುವಿಗೆ, ರಾಗಿಯ ಪೈರು ಮತ್ತು ಹುಲ್ಲು ಮಕ್ಕಳ ಕೈಯಲ್ಲಿ ಹತ್ತಿರದ ಯಾವುದಾದರೂ ಕೊಟ್ಟಿಗೆಗೆ. ಹೆಸರು ಹೇಳಿ ಹಾಕಿದ ಆ ನೂರು ಎಳೆಗಳನ್ನು ನಿಜವಾದ ಗ್ವಾದಲಿಯಲ್ಲಿ ನಿಜವಾದ ಎತ್ತು ಮೇಯುತ್ತದೆ.