ತೊರೆಯ ತಲೆಯಲ್ಲಿ

ನಂಜನಗೂಡು ತಾಲ್ಲೂಕಿನ ನಮ್ಮ ಗದ್ದೆಗೆ ಕಬಿನಿ ನಾಲೆಯ ನೀರು ಬರುತ್ತಿತ್ತು. ಬರುತ್ತಿತ್ತು ಎಂದರೆ, ಮೇಲಿನ ಗದ್ದೆಯ ದೊಡ್ಡಪ್ಪ ಬಿಟ್ಟರೆ ಬರುತ್ತಿತ್ತು. ಒಂದು ಬೇಸಿಗೆಯ ರಾತ್ರಿ, ನಮ್ಮ ಸರದಿಯಲ್ಲಿ ಅವರು ತೂಬು ಮುಚ್ಚಿದರೆಂದು ಅಪ್ಪ ಗುದ್ದಲಿ ಎತ್ತಿದರು. ಅಂದಿನಿಂದ ಇಪ್ಪತ್ತೆರಡು ವರ್ಷ ಅಣ್ಣತಮ್ಮಂದಿರು ಒಂದೇ ದೇವಾಲಯದ ಎರಡು ಬದಿಗಳಲ್ಲಿ ಕುಳಿತು ಪ್ರಾರ್ಥಿಸಿದರು. ಊರವರ ವ್ಯಾಜ್ಯಗಳನ್ನೆಲ್ಲ ಬಿಡಿಸಲು ಹೋಗುವ ನಾನು ಇದರ ಹತ್ತಿರ ಸುಳಿಯಲಿಲ್ಲ. ನಾನು ಅಪ್ಪನ ಪಕ್ಷದವನಾಗಿದ್ದೆ.

ಅಪ್ಪ ತೀರಿಕೊಂಡ ಮರುವರ್ಷ, 2023ರ ಫೆಬ್ರವರಿಯಲ್ಲಿ, ವಯನಾಡಿನ ವೈತಿರಿ ಬಳಿಯ ಪೂಕೋಡ್ ಸರೋವರಕ್ಕೆ ಹೋಗಿದ್ದೆ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ, ಕಾಡುಗುಡ್ಡಗಳ ನಡುವೆ ನಿಂತ ನೀರು. ದೋಣಿವಿಹಾರದ ಗದ್ದಲ ಅಲ್ಲಿಯೂ ಇದೆ, ಆದರೆ ದಂಡೆಯ ದಾರಿಯಲ್ಲಿ ತುಸು ಮುಂದೆ ನಡೆದರೆ ಮರಗಳು ಅದನ್ನು ನುಂಗಿಬಿಡುತ್ತವೆ. ನಮ್ಮ ಕಡೆಯ ಕೆರೆಗಳಿಗೆ ಕಟ್ಟಿಸಿದವರ ಹೆಸರಿರುತ್ತದೆ. ಇದನ್ನು ಯಾರೂ ತೋಡಿಸಿಲ್ಲ. ಈ ಸರೋವರವಲ್ಲದೆ ಬೇರೆಲ್ಲೂ ಕಾಣದ ಒಂದು ಪುಟ್ಟ ಮೀನು ಇಲ್ಲಿದೆ. ವಿಜ್ಞಾನಿಗಳು 2007ರಲ್ಲಿ ಸರೋವರದ ಹೆಸರನ್ನೇ ಅದಕ್ಕಿಟ್ಟರು.

ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ಸಾಗಿದರೆ ಲಕ್ಕಿಡಿ. ಅಲ್ಲಿ ಘಟ್ಟ ಇಳಿಯುತ್ತದೆ. ಆ ಅಂಚಿನಾಚೆ ಬಿದ್ದ ಮಳೆ ಅರಬ್ಬೀ ಸಮುದ್ರದ ಪಾಲು. ಈಚೆ ಸರೋವರದಿಂದ ಹೊರಟ ತೊರೆಯಾದರೋ ಪನಮರಂ ಹೊಳೆಯಾಗಿ, ಮಾನಂದವಾಡಿ ಹೊಳೆಯನ್ನು ಕೂಡಿ ಕಬಿನಿಯೆನಿಸಿ, 1974ರಲ್ಲಿ ಪೂರ್ಣಗೊಂಡ ಬೀಚನಹಳ್ಳಿಯ ಅಣೆಕಟ್ಟಿಗೆ ಬರುತ್ತದೆ. ಅಲ್ಲಿಂದ ನಾಲೆಗೆ, ದೊಡ್ಡಪ್ಪನ ಗದ್ದೆಗೆ, ಆಮೇಲೆ ನಮ್ಮದಕ್ಕೆ. ಚಪ್ಪಲಿ ಕಳಚಿ ತೊರೆಗೆ ಇಳಿದೆ. ನೀರು ನನ್ನ ಹಿಮ್ಮಡಿ ಮುಳುಗುವಷ್ಟಿತ್ತು.

ಒಂದು ಬಾಟಲಿ ತುಂಬಿಕೊಂಡು ನೇರವಾಗಿ ದೊಡ್ಡಪ್ಪನ ಮನೆಗೆ ಹೋದೆ.

"ಯಾವ ಊರ ನೀರು, ಸ್ವಾಮಿ?" ಎಂದರು. ಹೇಳಿದೆ. ಬಹಳ ಹೊತ್ತು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಅವತ್ತು ತೂಬು ಮುಚ್ಚಿದ್ದು ನಾನಲ್ಲ ಕಣಪ್ಪ. ಮೇಲಿಂದಲೇ ನೀರು ಬಂದಿರಲಿಲ್ಲ. ನಿಮ್ಮಪ್ಪ ಕೇಳಲಿಲ್ಲ."

ನಾನೂ ಕೇಳಿರಲಿಲ್ಲ, ಓದುಗರೇ. ಅದು ನಿಜವೋ ಅಲ್ಲವೋ ಎಂದು ವಿಚಾರಿಸಲು ಈಗ ಅಪ್ಪ ಇಲ್ಲ. ದೊಡ್ಡಮ್ಮ ಒಳಗಿನಿಂದ ಕಾಫಿ ತಂದಿಟ್ಟರು. ಇಪ್ಪತ್ತಮೂರು ವರ್ಷಗಳ ಬಳಿಕ ಆ ಮನೆಯಲ್ಲಿ ಕುಡಿದೆ.