ಬೈಗುಳಕ್ಕಿಂತ ಅರ್ಜಿ ಲೇಸು

ಹುಬ್ಬಳ್ಳಿಯ ಕೇಶ್ವಾಪುರದ ಮನೆಯೊಂದರಲ್ಲಿ ಒಂದು ರವಿವಾರ ಸಂಜೆ ಇದ್ದಕ್ಕಿದ್ದಂತೆ 'ಥತ್!' ಎಂಬ ಉದ್ಗಾರ ಕೇಳಿಸಿತು. ಚಹಾ ಕುಡಿಯುತ್ತಿದ್ದ ಕಾಕಾ ಬೆಚ್ಚಿಬಿದ್ದರು. ರೈಲ್ವೆಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿ ನಿವೃತ್ತರಾದ ಅವರಿಗೆ ಗದ್ದಲ ಹೊಸದಲ್ಲ. ಆದರೆ ಮನೆಯಲ್ಲಿ ಗ್ಯಾಸು ಮುಗಿದಿಲ್ಲ, ಕರೆಂಟು ಹೋಗಿಲ್ಲ. ಮತ್ತೇಕೆ ಈ ಕೂಗು?

"ಇಲ್ನೋಡ್ರಿ ಕಾಕಾ," ಎಂದ ಅಣ್ಣನ ಮಗ. ಕಂಪ್ಯೂಟರಿನ ಪರದೆಯ ಮೇಲೆ ಕ್ರಿಕೆಟ್ ನಡೆದಿತ್ತು. ಚೆಂಡು ಕಾಲ ಪಕ್ಕದಲ್ಲೇ ಉರುಳಿ ಹೋದರೂ ಕವರ್ಸ್‌ನಲ್ಲಿ ನಿಂತ ಮಹಾಶಯ ಅಲುಗಾಡಿರಲಿಲ್ಲ. ಕೊನೆಯ ಓವರಿನಲ್ಲಿ ಪಂದ್ಯ ಕೈಬಿಟ್ಟಿತ್ತು. "ಆರು ತಿಂಗಳು ರೊಕ್ಕಾ ಕೂಡಿಸಿ ತಗೊಂಡೀನಿ. ನಮ್ಮ ಆಟಗಾರರ ಹೆಸರು ಸೈತ ನೆಟ್ಟಗಿಲ್ಲ!"

ಹುಡುಗ ಆಗಲೇ ಕಂಪನಿಗೆ ಬರೆದು ಮುಗಿಸಿದ್ದ. ಬರೆದದ್ದು ನಾಲ್ಕೇ ಶಬ್ದ. ನಾಲ್ಕೂ ಅಚ್ಚಿಗೆ ಯೋಗ್ಯವಲ್ಲ. ಕಾಕಾ ಓದಿ ನಕ್ಕರು. "ಇಂಜಿನ್ನಿಗೆ ಬೈದರ ಗಾಡಿ ಬಿಡ್ತದೇನೋ?"

ಹೆಸರು ನೆಟ್ಟಗಿರದಿದ್ದರೆ ಅದಕ್ಕೊಂದು ಕಾರಣವಿರುತ್ತದೆ. ಆಟಗಾರರ ಹೆಸರು, ಅಂಗಿಯ ಬಣ್ಣ, ಲಾಂಛನ ಇವನ್ನು ಬಳಸಲು ಕಂಪನಿ ಹಣ ತೆತ್ತು ಪರವಾನಿಗೆ ಪಡೆಯಬೇಕು. ಭಾರತದಲ್ಲಿ ಅಸಂಖ್ಯ ಹುಡುಗರು ಆಡಿದ 2006ರ 'ಕ್ರಿಕೆಟ್ 07' ಆಟಕ್ಕೆ ಆಸ್ಟ್ರೇಲಿಯಾ, ಇಂಗ್ಲೆಂಡ್ ತಂಡಗಳ ಪರವಾನಿಗೆ ಮಾತ್ರ ಇತ್ತು, ಭಾರತಕ್ಕೆ ಇರಲಿಲ್ಲ. ಆ ಸರಣಿ ಅಲ್ಲಿಗೇ ನಿಂತಿತು. ಅಭಿಮಾನಿಗಳು ನಿಲ್ಲಲಿಲ್ಲ. ಸರಿಯಾದ ಹೆಸರು, ಹೊಸ ಅಂಗಿ, ಹೊಸ ಮೈದಾನಗಳನ್ನು ತಾವೇ ಸೇರಿಸಿ, ಆ ಹಳೆಯ ಆಟವನ್ನು ವರ್ಷಗಟ್ಟಲೆ ಜೀವಂತವಾಗಿಟ್ಟರು.

ಕಂಪನಿಗಳು ಕಿವುಡಲ್ಲ, ಕೇಳಿಸುವಂತೆ ಹೇಳಬೇಕು, ಅಷ್ಟೆ. 2013ರ ನವೆಂಬರಿನಲ್ಲಿ 'ಆಶಸ್ ಕ್ರಿಕೆಟ್ 2013' ಆಟ ಕಂಪ್ಯೂಟರಿಗೆ ಬಂದಾಗ ಕೊಂಡವರೆಲ್ಲ ಒಕ್ಕೊರಲಿನಿಂದ ದೂರಿದರು. ಕೆಲವೇ ದಿನಗಳಲ್ಲಿ ಪ್ರಕಾಶಕರು ಆಟವನ್ನೇ ಹಿಂತೆಗೆದುಕೊಂಡು ಹಣ ಮರಳಿಸಿದರು. ಅದೇ ಹೊತ್ತಿಗೆ ಮೆಲ್ಬರ್ನಿನ ಬಿಗ್ ಆ್ಯಂಟ್ ಸಂಸ್ಥೆ ಬೇರೆ ದಾರಿ ಹಿಡಿದಿತ್ತು. 2014ರ 'ಡಾನ್ ಬ್ರಾಡ್ಮನ್ ಕ್ರಿಕೆಟ್ 14' ಆಟದಲ್ಲಿ ಆಟಗಾರರನ್ನೂ ತಂಡಗಳನ್ನೂ ರೂಪಿಸುವ ಕೆಲಸವನ್ನು ಅಭಿಮಾನಿಗಳ ಕೈಗೇ ಕೊಟ್ಟಿತು. ಪರವಾನಿಗೆ ಇಲ್ಲದ ತಂಡಗಳೂ ಹೀಗೆ ಮೈದಾನಕ್ಕಿಳಿದವು. ಫುಟ್‌ಬಾಲಿನ ಕಥೆಯೂ ಇದೇ. 2021ರ ಸೆಪ್ಟೆಂಬರಿನಲ್ಲಿ ಜಪಾನಿನ ಕೊನಾಮಿ ಬಿಡುಗಡೆ ಮಾಡಿದ 'ಈಫುಟ್‌ಬಾಲ್' ಆಟದಲ್ಲಿ ಆಟಗಾರರ ಮುಖಗಳು ನಗೆಪಾಟಲಾದವು. ಕಂಪನಿ ಕ್ಷಮೆ ಕೇಳಿ, ತಿದ್ದಿದ ಆವೃತ್ತಿಯನ್ನು 2022ರ ಏಪ್ರಿಲಿನಲ್ಲಿ ಕೊಟ್ಟಿತು.

ಕಾಕಾ ಅವರಿಗೆ ಈ ಆಟಗಳ ಗಂಧವಿಲ್ಲ. ಆದರೆ ಅರ್ಜಿಯ ಮರ್ಮ ಗೊತ್ತು. ನೈಋತ್ಯ ರೈಲ್ವೆ ವಲಯ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು 2003ರ ಏಪ್ರಿಲ್ 1ರಂದು ಶುರುವಾದದ್ದು ಒಂದೇ ಕಾಗದದಿಂದಲ್ಲ, ಎಷ್ಟೋ ವರ್ಷಗಳ ಬೇಡಿಕೆಯಿಂದ. "ಗಾಡಿ ತಡಾ ಆತು ಅಂತ ಬರದರ ಕಸದ ಬುಟ್ಟಿಗೆ ಹೋಗ್ತದ. ಯಾವ ಗಾಡಿ, ಯಾವ ತಾರೀಖು, ಎಷ್ಟು ನಿಮಿಷ? ಅದನ್ನ ಬರದರ ಸಾಹೇಬ ಉತ್ತರಾ ಕೊಡಲೇಬೇಕು."

ಹುಡುಗ ಮರುದಿನ ವಿದ್ಯಾನಗರದ ಐವರು ಗೆಳೆಯರನ್ನು ಕೂಡಿಸಿದ. ಆರೂ ಮಂದಿ ಬೇರೆ ಬೇರೆ ಕಂಪ್ಯೂಟರಿನಲ್ಲಿ ಆಡಿ ನೋಡಿದರು. ಎಡಗೈ ಬ್ಯಾಟುಗಾರ ಹೊಡೆದಾಗ ಮಾತ್ರ ಕವರ್ಸ್‌ನವನು ಕಲ್ಲಾಗುತ್ತಾನೆ ಎಂಬ ಸತ್ಯ ಆಗ ಹೊರಬಿತ್ತು. ಆಟದ ಆವೃತ್ತಿ, ಓವರು, ಚೆಂಡು ಎಲ್ಲ ನಮೂದಿಸಿ, ವಿಡಿಯೋ ಲಗತ್ತಿಸಿ, ಆರು ಜನ ಆರು ಅರ್ಜಿ ಕಳಿಸಿದರು. ಕೊನೆಗೊಂದು ವಾಕ್ಯ ಕಾಕಾ ಬರೆಸಿದ್ದು: ಇದು ಸರಿಯಾಗುವ ತನಕ ಮುಂದಿನ ಆಟವನ್ನು ಕೊಳ್ಳುವುದಿಲ್ಲ. ಬೈಗುಳ ಒಂದೂ ಇರಲಿಲ್ಲ. ಅದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾದದ್ದು!

ಎರಡು ತಿಂಗಳ ಬಳಿಕ ತಿದ್ದುಪಡಿ ಬಂತು. ಕವರ್ಸ್‌ನವನು ಈಗ ಓಡುತ್ತಾನೆ. ತಮ್ಮ ಅರ್ಜಿಯಿಂದಲೇ ಎಂದು ಹುಡುಗ ಬೀಗಿದ. "ನಿನ್ನಂಥವರು ಸಾವಿರ ಮಂದಿ ಬರದಿರಬೇಕು," ಎಂದರು ಕಾಕಾ. ಹೆಸರುಗಳು ಮಾತ್ರ ಸರಿಯಾಗಲಿಲ್ಲ. ಅದು ಕಾಗದಕ್ಕೆ ಬಗ್ಗುವ ವಿಷಯವಲ್ಲ, ದುಡ್ಡಿನದು.

ಹುಡುಗ ಸುಮ್ಮನಿರಲಿಲ್ಲ. ಆಟದಲ್ಲಿದ್ದ ಸೌಲಭ್ಯದಿಂದ ತನ್ನದೇ ತಂಡವೊಂದನ್ನು ಕಟ್ಟಿದ. ಊರಿನ ಹೆಸರಿಟ್ಟು, ಹೆಮ್ಮೆಯಿಂದ ಕಾಕಾ ಅವರನ್ನು ಕರೆದ. ಅವರು ಕನ್ನಡಕ ಏರಿಸಿ, ಪರದೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿದರು. 'ಹುಬ್ಳಿ' ಎಂದಿತ್ತು.

"ಎರಡು ಬಿ, ಎರಡು ಎಲ್ ಹಾಕಪಾ. 2014ರ ನವೆಂಬರ್ ಒಂದಕ್ಕ ಸರ್ಕಾರನs ತಿದ್ದೇದ. ನಮ್ಮ ಊರಿನ ಹೆಸರು ನಾವs ತಪ್ಪು ಬರದರ, ಪರದೇಶದ ಕಂಪನಿಗೆ ಏನಂತ ಅರ್ಜಿ ಹಾಕೂದು?"